ಬೀಗರು ಬ್ಯಾಟು ಹಿಡಿದಾಗ

ಕೊಪ್ಪಳ
೧೮ ಜನವರಿ ೧೯೩೭

ಅಕ್ಕನಿಗೆ ಅಮರಪ್ಪನ ಶರಣು.

ಇಲ್ಲಿ ಎಲ್ಲರೂ ಆರಾಮ. ಬಿಳಿಜೋಳ ತೆನೆಗಟ್ಟಿದೆ, ಅಂಗಡಿಗೆ ಹತ್ತಿ ಬರುತ್ತಿದೆ, ಭೀಮಕ್ಕನ ಹಲ್ಲುನೋವು ಇಳಿದಿದೆ. ನೀನು ಕಳಿಸಿದ ಭೂಗೋಳದ ಪುಸ್ತಕವನ್ನು ಮಗಳು ಕಳಕಮ್ಮ ಓದಿ ಮುಗಿಸಿದಳು. ನಕಾಶೆಯಲ್ಲಿ ಸೊಲ್ಲಾಪುರ ಎಲ್ಲಿದೆ ಎಂದು ತನ್ನ ಅವ್ವ ಭೀಮಕ್ಕನಿಗೆ ದಿನವೂ ತೋರಿಸುತ್ತಾಳೆ. ಅವಳನ್ನು ನಿನ್ನ ಶಾಲೆಗೆ ಕಳಿಸು ಎಂದು ಮತ್ತೆ ಬರೆದಿದ್ದೀ. ವೈಶಾಖಕ್ಕೆ ಮದುವೆ ಗೊತ್ತಾಗಿದೆ, ಈಗ ಆ ಮಾತು ಬೇಡ. ತಳಕಲ್ಲಿನ ಕೊಟ್ರಪ್ಪನವರಂಥ ಬೀಗರು ಸಿಕ್ಕಿದ್ದು ನಮ್ಮ ಪುಣ್ಯ. ಹುಡುಗ ಗವಿಸಿದ್ದಪ್ಪ ಗುಲ್ಬರ್ಗಾದಲ್ಲಿ ಓದುತ್ತಿದ್ದಾನೆ, ಒಳ್ಳೆಯವನು.

ಸಂಕ್ರಾಂತಿಯ ಮರುದಿನ ಶುಕ್ರವಾರ, ನಮ್ಮ ಕಚೇರಿಗಳಿಗೆ ರಜೆ. ನಮ್ಮ ನಾಲ್ಕು ತಾಲೂಕಿನ ಕ್ರಿಕೆಟ್ ತಂಡ ಹೊಸಪೇಟೆಗೆ ಹೋಗಿತ್ತು. ಹೊಳೆಯ ಆಚೆ ಇಂಗ್ರೇಜಿ ಸರಕಾರ, ಈಚೆ ನಿಜಾಮರ ಸರಕಾರ. ಹಾಗಾಗಿ ನಮ್ಮವರು ಇದನ್ನು ದೇಶಕ್ಕೂ ದೇಶಕ್ಕೂ ನಡೆಯುವ ಆಟ ಎಂದೇ ಹೇಳುತ್ತಾರೆ. ಪಂದ್ಯ ಬಿರುಸಾಗಿತ್ತು. ಸ್ವಲ್ಪದರಲ್ಲಿ ಸೋತೆವು. ಬಿಸಿಲು ಕಣ್ಣಿಗೆ ಹೊಡೆಯಿತು, ಪಿಚ್ಚಿಗೆ ಹಾಸಿದ ಚಾಪೆ ಒಂದು ಕಡೆ ಸಡಿಲವಾಗಿತ್ತು, ನಡುವೆ ಅವರು ಹಾಕಿದ ಊಟದಲ್ಲಿ ಹೋಳಿಗೆ ಇತ್ತು.

ಮಾವನವರಿಗೆ ನಮಸ್ಕಾರ ತಿಳಿಸು.

ಅಮರಪ್ಪ

*

ಸೊಲ್ಲಾಪುರ
೨೭ ಜನವರಿ ೧೯೩೭

ಅಮರಪ್ಪನಿಗೆ ಆಶೀರ್ವಾದ. ಆಶೀರ್ವಾದ ಇಲ್ಲಿಗೆ ಮುಗಿಯಿತು.

ನಿನ್ನ ಕಾಗದ ಬಂದ ಮರುದಿನವೇ ನಮ್ಮ ಹಳೆಯ ಓಣಿಯ ಇಮಾಮಬೀ ಬಂದಳು, ಇಲ್ಲಿರುವ ಮಗಳ ಬಾಣಂತನಕ್ಕೆ. ಅವಳ ಗಂಡ ಹೊಸಪೇಟೆಯಿಂದ ರೈಲಿನಲ್ಲಿ ನಿಮ್ಮ ಡಬ್ಬಿಯಲ್ಲೇ ಕೂತು ಬಂದನಂತೆ. ಅವಳು ಚಾ ಕುಡಿಯುತ್ತ ಹೇಳಿದ್ದು ಇದು: “ಅಕ್ಕಾರ, ಎಲ್ಲಾರೂ ಕೂಡಿ ಹತ್ತೊಂಬತ್ತು ಹೊಡದಾರಂತ್ರಿ. ಅದ್ರಾಗ ಅರ್ಧಾ ಆ ಕಡಿಯವ್ರು ಚೆಂಡು ಬಿಟ್ಟು ಕೊಟ್ಟಿದ್ದಂತ. ಗಾಡ್ಯಾಗ ಯಾರೂ ಮಾತಾಡ್ಲಿಲ್ಲಂತ್ರಿ. ಒಬ್ರು ಮಾತ್ರ ಹೋಳಗಿ ಛಲೋ ಇತ್ತು ಅಂದ್ರಂತ.”

ಹತ್ತೊಂಬತ್ತು! ಅವರದು ನೂರಾ ಎಪ್ಪತ್ತೆಂದೂ ಅವಳಿಗೆ ಗೊತ್ತಿತ್ತು. ಇದಕ್ಕೆ ನೀನು ‘ಸ್ವಲ್ಪ’ ಎನ್ನುತ್ತೀ. ಅಂಗಡಿಯಲ್ಲಿ ತೂಕವನ್ನೂ ಹೀಗೇ ಮಾಡುತ್ತೀಯಾ?

ಬಿಸಿಲು ಹೊಸಪೇಟೆಯವರ ಕಣ್ಣಿಗೆ ಹೊಡೆಯಲಿಲ್ಲವೇ? ಅವರು ಅದೇ ಚಾಪೆಯ ಮೇಲೆ ಆಡಲಿಲ್ಲವೇ? ಹೋಳಿಗೆಯ ಮಾತಂತೂ ಬೇಡ.

ಹಿತ್ತಲಲ್ಲಿ ನಿನಗೆ ಚಿಂದಿಯ ಚೆಂಡು ಎಸೆದವಳು ನಾನು. ನಿನ್ನ ಬಾವಿಕಟ್ಟೆಯ ವಿಕೆಟ್ಟಿಗೆ ನಾನು ಎಷ್ಟು ಸಲ ಗುರಿಯಿಟ್ಟಿದ್ದೆ, ನೆನಪಿದೆಯೇ? ಒಂದು ದಿನ ದೊಡ್ಡವಳಾದೆ ಎಂದು ನನ್ನನ್ನು ಒಳಗೆ ಕರೆದರು, ಆಟ ಪೂರ್ತಿ ನಿನ್ನ ಪಾಲಿಗೆ ಬಂತು. ಈಗ ನಾನು ಆಡುವುದು ಪತ್ರಿಕೆಯ ಕೊನೆಯ ಪುಟದ ಕ್ರಿಕೆಟ್ ಸುದ್ದಿಯಲ್ಲಿ ಮಾತ್ರ. ನಿನ್ನ ಪಾಲಿಗೆ ಬಂದದ್ದನ್ನು ನೀನು ಹೀಗೆ ಚೆಲ್ಲಾಡಿದರೆ ನನಗೆ ಸಿಟ್ಟು ಬರುತ್ತದೆ.

ಯಾರು ಯಾರು ಹೇಗೆ ಔಟಾದರು, ಮುಚ್ಚುಮರೆಯಿಲ್ಲದೆ ಬರೆ.

ಬಸವಣ್ಣೆಮ್ಮ

*

ಕೊಪ್ಪಳ
೬ ಫೆಬ್ರುವರಿ ೧೯೩೭

ಅಕ್ಕಾ, ಶರಣು.

ಬರೆಯುತ್ತೇನೆ. ಓದಿ ಹರಿದುಹಾಕು.

ಮೊದಲು ಬ್ಯಾಟು ಹಿಡಿದು ಹೋದವರು ಕೊಟ್ರಪ್ಪನವರು ಮತ್ತು ನಾನು. ಅವರು ತಂಡದ ನಾಯಕರು, ಇಲ್ಲಿ ನಾವು ಹಾಸಿ ಆಡುವ ಚಾಪೆಯೂ ಅವರದೇ. ನಾನು ಕಾರ್ಯದರ್ಶಿ. ಮೊದಲ ಚೆಂಡನ್ನು ಯಾರು ಎದುರಿಸಬೇಕು ಎಂಬಲ್ಲಿಯೇ ತಡವಾಯಿತು.

“ನೀವು ನಿಂದರ್ರಿ, ಬೀಗರ,” ಎಂದರು ಅವರು.

“ಛೇ ಛೇ, ಹೆಂಗಾದೀತ್ರಿ? ನೀವು ಹಿರ್ಯಾರು.”

“ಹೆಣ್ಣು ಕೊಡಾವ್ರು ನೀವು. ನಿಮ್ಮ ಮರ್ಯಾದಿ ಮೊದಲು.”

“ಗಂಡಿನ ಕಡಿಯವ್ರನ್ನ ಬಿಟ್ಟು ನಾ ಮುಂದ ನಿಂತ್ರ ಊರಾಗ ಏನಂದಾರ್ರಿ?”

ಹೊಸಪೇಟೆಯ ಅಂಪೈರು ಹಣೆ ಚಚ್ಚಿಕೊಂಡು, “ಸ್ವಾಮಿ, ಯಾರಾದ್ರೂ ಒಬ್ರು ನಿಂತ್ಕೊಳ್ರಪ್ಪ, ಹೊತ್ತು ಮುಳುಗುತ್ತೆ,” ಎಂದ. ಕಡೆಗೆ ಅವರು ನಿಂತರು. ಎರಡನೆಯ ಚೆಂಡಿಗೆ ಬ್ಯಾಟು ತಾಗಿತು, ಚೆಂಡು ಬೇಲಿಯ ಕಡೆ ಹೋಯಿತು. ಓಡಬೇಕೋ ಬೇಡವೋ ಅವರು ಹೇಳಲಿ ಎಂದು ನಾನು, ನಾನು ಹೇಳಲಿ ಎಂದು ಅವರು. “ಬರ್ತೀರೇನ್ರಿ?” ಎಂದೆ. “ನಿಮ್ಮ ಮನಸ್ಸು ಹೆಂಗೈತಿ ಹಂಗ್ರಿ,” ಎಂದರು. ಅಷ್ಟರಲ್ಲಿ ಇಬ್ಬರೂ ನಡುದಾರಿಯಲ್ಲಿದ್ದೆವು. ಬೀಗರು ಔಟಾಗಬಾರದೆಂದು ನಾನೇ ಅವರನ್ನು ದಾಟಿ ಮುಂದೆ ಹೋಗಿ ರನೌಟಾದೆ.

ಉಳಿದವರೂ ನಮ್ಮನ್ನು ನೋಡಿಯೇ ಕಲಿತರು. ನಾವು ಫೀಲ್ಡಿಂಗ್ ಮಾಡುವಾಗ ಒಂದು ಕ್ಯಾಚು ಕುಷ್ಟಗಿಯ ಹುಚ್ಚೀರಪ್ಪ ಮಾಸ್ತರರಿಗೂ ಗಂಗಾವತಿಯ ತಹಸೀಲ ಕಚೇರಿಯ ಪೇಶಕಾರ ಸಾಹೇಬರಿಗೂ ನಡುವೆ ಬಂತು. “ಹಿಡೀರಿ ಸಾಹೇಬ್ರ” ಎಂದರು ಇವರು, “ನೀವs ಹಿಡೀರಿ ಮಾಸ್ತರ” ಎಂದರು ಅವರು. ಚೆಂಡು ನೆಲಕ್ಕೆ ಬಿತ್ತು. ಇಬ್ಬರೂ ಅದರ ಮುಂದೆ ಕೈಮುಗಿದುಕೊಂಡು ನಿಂತಂತೆ ಕಾಣಿಸಿತು.

ಮಾರ್ಚ್ ಏಳಕ್ಕೆ ಹೊಸಪೇಟೆಯವರು ಕೊಪ್ಪಳಕ್ಕೆ ಬರುತ್ತಾರೆ. ಮತ್ತೆ ಹೀಗಾದರೆ ಮುಂದಿನ ವರ್ಷ ತಮ್ಮ ಶಾಲೆಯ ಹುಡುಗರನ್ನು ಕಳಿಸುತ್ತೇವೆಂದು ಹೇಳಿ ನಕ್ಕರು.

ಕೊಟ್ರಪ್ಪನವರನ್ನು ಬಿಡು ಎಂದು ನೀನು ಬರೆಯುತ್ತೀ, ನನಗೆ ಗೊತ್ತು. ಐವತ್ತು ದಾಟಿದೆ, ಮೊಣಕಾಲು ನೋವು, ಓಡಲಾರರು. ಆದರೆ ನಿಶ್ಚಯವಾದ ಮೇಲೆ ಬೀಗರಿಗೆ ನೀವು ಬೇಡ ಎಂದರೆ ಆ ಮಾತು ಮೈದಾನದಲ್ಲಿ ಉಳಿಯುವುದಿಲ್ಲ. ಮದುವೆ ಮುರಿಯುತ್ತದೆ. ಮುರಿದ ಮೇಲೆ ಊರು ಕೊಟ್ರಪ್ಪನವರನ್ನು ಆಡಿಕೊಳ್ಳುವುದಿಲ್ಲ, ಕಳಕಮ್ಮನನ್ನು ಆಡಿಕೊಳ್ಳುತ್ತದೆ. ತಂಡವನ್ನು ಮತ್ತೆ ಕಟ್ಟಬೇಕು, ಬೀಗತನವೂ ಉಳಿಯಬೇಕು. ಇವೆರಡರ ನಡುವೆ ನಿನ್ನ ತಮ್ಮ.

ಅಮರಪ್ಪ

*

ಸೊಲ್ಲಾಪುರ
೧೨ ಫೆಬ್ರುವರಿ ೧೯೩೭

ಅಮರಪ್ಪಾ,

ಹರಿದುಹಾಕಲಿಲ್ಲ. ನಮ್ಮ ಮನೆಯವರಿಗೆ, ನಿನ್ನ ಮಾವನಿಗೆ, ಓದಿ ಹೇಳಿದೆ. ಅವರಿಗೆ ನಗು ಬಂತು, ನನಗೆ ಬರಲಿಲ್ಲ.

ತಂಡವೆಂದರೆ ಬೀಗರ ಪಂಕ್ತಿಯಲ್ಲ. ಈಗ ನಾನು ಹೇಳುವಷ್ಟನ್ನು ಮಾಡು. ತಾಲೂಕಿಗೆ ಇಷ್ಟು ಜನ ಎಂಬ ಪಾಲು ಹಂಚಿಕೆಯನ್ನು ಮೊದಲು ಬಿಡು. ಆಡಲು ಬರುವವರು ನಾಲ್ವರೂ ಕುಷ್ಟಗಿಯವರಾದರೆ ನಾಲ್ವರೂ ಇರಲಿ. ಕ್ಯಾಚಿನ ಅಭ್ಯಾಸಕ್ಕೆ ಕುಂಬಾರರ ಕುಡಿಕೆಗಳನ್ನು ತಂದು ಒಬ್ಬರಿಂದ ಒಬ್ಬರಿಗೆ ಎಸೆಯಿಸು. ಒಡೆಯಬಾರದೆಂದರೆ ಕೈ ಮೆತ್ತಗಾಗಲೇಬೇಕು. ಮೈದಾನಕ್ಕೆ ಇಳಿಯುವ ಮೊದಲು ಎಲ್ಲರ ರುಮಾಲು ಕಳಚಿಸು. ರುಮಾಲು ತಲೆಯ ಮೇಲಿರುವವರೆಗೆ ನಿಮ್ಮಲ್ಲಿ ಒಬ್ಬ ಪೇಶಕಾರ, ಒಬ್ಬ ಮಾಸ್ತರ, ಒಬ್ಬ ಬೀಗ. ಕಳಚಿಟ್ಟರೆ ಹನ್ನೊಂದು ಜನ.

ಕೊಟ್ರಪ್ಪನವರನ್ನು ಬಿಡು. ಇದನ್ನು ಕೊನೆಗೆ ಬರೆದಿದ್ದೇನೆ, ಆದರೆ ಮಾಡುವಾಗ ಇದನ್ನೇ ಮೊದಲು ಮಾಡು. ಆ ಮನುಷ್ಯ ತನ್ನ ಚಾಪೆ ತಂದು ಹಾಸಿದ್ದಕ್ಕೆ ತಂಡವೇ ತನ್ನದೆಂದುಕೊಂಡಿದ್ದಾನೆ. ಇಂಥ ಸಾಹುಕಾರರನ್ನು ನಾನು ಇಲ್ಲಿ ದಿನವೂ ಶಾಲೆಯ ಮಂಡಳಿಯಲ್ಲಿ ನೋಡುತ್ತೇನೆ. ಮೊಣಕಾಲು ನೋವಂತೆ! ನಾಯಕತನದ ಆಸೆಗೆ ಮಾತ್ರ ನೋವಿಲ್ಲ. ಒಂದು ಆಟದಿಂದ ಮುರಿಯುವ ಸಂಬಂಧವಾದರೆ ಈಗಲೇ ಮುರಿಯಲಿ.

ಬಸವಣ್ಣೆಮ್ಮ

*

ಕೊಪ್ಪಳ
೨೦ ಫೆಬ್ರುವರಿ ೧೯೩೭

ಅಕ್ಕಾ,

ಕುಡಿಕೆಗಳ ಕಥೆ ಮೊದಲು. ಒಂದು ಬುಟ್ಟಿ ತಂದಿದ್ದೆ, ಮೊದಲ ಸಂಜೆಯೇ ಮುಗಿಯಿತು. ಎರಡನೆಯ ಸಂಜೆ ಹುಡುಗರು ನಮ್ಮ ಹಿತ್ತಲಿಗೆ ನುಗ್ಗಿ ಭೀಮಕ್ಕನ ಉಪ್ಪಿನಕಾಯಿ ಕುಡಿಕೆಯನ್ನೂ ಎತ್ತಿಕೊಂಡು ಹೋದರು. ಗಂಗಾವತಿಯ ಗಿಡ್ಡಪ್ಪ ಅದನ್ನು ಹಿಡಿದ, ಒಡೆಯಲಿಲ್ಲ, ಆದರೆ ಮೈತುಂಬ ಎಣ್ಣೆ ಖಾರ. ಭೀಮಕ್ಕ ಮೈದಾನದ ತನಕ ಬಂದು, “ನಿಮ್ಮ ಅಕ್ಕಾರಿಗೆ ಬರೀರಿ, ಸೊಲ್ಲಾಪುರದಾಗ ಕುಂತು ನನ್ನ ಅಡಗಿಮನಿ ಒಡಸಾಕ ಹತ್ಯಾರ ಅಂತ!” ಎಂದು ಬೈದಳು. ಬರೆದಿದ್ದೇನೆ. ಗಿಡ್ಡಪ್ಪನೇ ಈಗ ವಿಕೆಟ್ ಕೀಪರ್.

ಪಾಲು ಹಂಚಿಕೆ ಬಿಟ್ಟೆ. ಎರಡು ತಾಲೂಕಿನವರು ಮುನಿಸಿಕೊಂಡಿದ್ದಾರೆ, ಒಂದು ತಾಲೂಕಿನವರು ಮುನಿಸಿಕೊಂಡಿರುವುದನ್ನು ಹೇಳಲು ಪಂಚರನ್ನು ಕಳಿಸಿದ್ದರು. ಚೆಂಡು ಎಸೆಯಲು ಕುಷ್ಟಗಿಯ ಸಣ್ಣಪ್ಪ ಸಿಕ್ಕಿದ್ದಾನೆ. ಜೋರಾಗಿ ಎಸೆಯುತ್ತಾನೆ, ಎಲ್ಲಿ ಬೀಳುತ್ತದೆಂದು ಅವನಿಗೂ ಗೊತ್ತಿಲ್ಲ. ರುಮಾಲಿಗೆ ಹುಚ್ಚೀರಪ್ಪ ಮಾಸ್ತರರೇ ಒಪ್ಪಲಿಲ್ಲ. “ಬೋಳತಲಿಲೆ ಮಂದಿ ಮುಂದ ನಿಂದರಾಕ ಇದೇನು ಸೂತಕಾನ್ರಿ?” ಎಂದರು. ಕೊನೆಗೆ ಪೇಶಕಾರ ಸಾಹೇಬರೇ ತಮ್ಮದನ್ನು ಮೊದಲು ಕಳಚಿ ಚಕ್ಕಡಿಯಲ್ಲಿ ಇಟ್ಟರು. ಆಮೇಲೆ ಎಲ್ಲರದೂ ಇಳಿಯಿತು. ಆ ಸಂಜೆ ಮಾಸ್ತರರು ಪೇಶಕಾರರಿಗೆ “ನಂದು! ಬಿಡು!” ಎಂದು ಕೂಗಿ ಕ್ಯಾಚು ಹಿಡಿದರು. ಹಿಡಿದ ಮೇಲೆ ಹೋಗಿ ಕ್ಷಮೆ ಕೇಳಿದರು.

ಇನ್ನು ನಿನ್ನ ಕೊನೆಯ ಮಾತು. ಸೋಮವಾರ ತಳಕಲ್ಲಿಗೆ ಹೋದೆ, ಹೇಳಿಯೇ ಬರಬೇಕೆಂದು. ಕಾಲಿಗೆ ನೀರು ಕೊಟ್ಟರು, ಹೇಳಲಾಗಲಿಲ್ಲ. ಊಟಕ್ಕೆ ಸಿಹಿ ಮಂಡಿಗೆ ಬಡಿಸಿದರು, ಹೇಳಲಾಗಲಿಲ್ಲ. ಎಲೆ ಅಡಿಕೆ ಬಂದಾಗ ಗಟ್ಟಿ ಮನಸ್ಸು ಮಾಡಿ ಬಾಯಿ ತೆರೆದೆ. ಬಾಯಿಂದ ಬಂದದ್ದು: “ಈ ಸಲಾನೂ ನೀವs ಮುಂದ ನಿಂತು ನಡಸಿಕೊಡಬೇಕ್ರಿ.” ಅವರು ಕೈಯಲ್ಲಿದ್ದ ಎಲೆಯನ್ನು ತಟ್ಟೆಗೆ ಇಟ್ಟು, “ನೀವು ಅಷ್ಟು ಹೇಳಿದ ಮ್ಯಾಲ ಆತು ಬಿಡ್ರಿ,” ಎಂದರು.

ನೀನು ಬೈಯುವ ಮೊದಲು ನಾನೊಂದು ಕೇಳುತ್ತೇನೆ. ಮದುವೆ ಮುರಿದರೆ ಮುರಿಯಲಿ ಎಂದು ಅಷ್ಟು ಸಲೀಸಾಗಿ ಬರೆದೆಯಲ್ಲ, ನಿನಗೆ ಬೇಕಾದದ್ದು ತಂಡವೋ, ಕಳಕಮ್ಮನೋ? ಮದುವೆ ನಿಂತರೆ ಅವಳು ನಿನ್ನ ಶಾಲೆಗೆ ಬರುತ್ತಾಳೆಂದು ಈ ಕ್ರಿಕೆಟ್ಟಿನ ಉಪದೇಶವೋ?

ಅಮರಪ್ಪ

*

ಸೊಲ್ಲಾಪುರ
೨೪ ಫೆಬ್ರುವರಿ ೧೯೩೭

ಅಮರಪ್ಪಾ,

ಎರಡೂ.

ನೀನು ಕೇಳಿದ್ದು ಒಳ್ಳೆಯದಾಯಿತು. ನನಗೂ ಅದು ಇಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ. ಆದರೆ ಕೊಟ್ರಪ್ಪನವರು ಓಡಲಾರರು ಎಂಬುದನ್ನು ನಾನು ಹುಟ್ಟಿಸಿದ್ದಲ್ಲ.

ಮಂಡಿಗೆ ತಿಂದು, ಹೇಳಬೇಕಾದ ಮಾತನ್ನೂ ನುಂಗಿ ಬಂದೆ. ಇನ್ನು ನಿನ್ನಿಂದ ಆಗುವುದಿಲ್ಲ. ಅವರಿಗೆ ಇವತ್ತು ನಾನೇ ಕಾಗದ ಹಾಕಿದ್ದೇನೆ.

ಬಸವಣ್ಣೆಮ್ಮ

*

ಕೊಪ್ಪಳ
೧ ಮಾರ್ಚ್ ೧೯೩೭

ಅಕ್ಕಾ,

ನಿನ್ನ ಕಾಗದ ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಕೊಟ್ರಪ್ಪನವರ ಚಕ್ಕಡಿ ಅಂಗಡಿಯ ಮುಂದೆ ನಿಂತಿತು. ನಿಶ್ಚಯದ ಸೀರೆ ಹಿಂದಕ್ಕೆ ಕೇಳಲು ಬಂದರು ಎಂದುಕೊಂಡೆ. ಅವರು ಗಾದಿಯ ಮೇಲೆ ಕೂತರು, ಮೊಣಕಾಲು ತಿಕ್ಕಿಕೊಂಡರು, ಚಾ ತರಿಸಲು ಹೇಳಿದರು.

“ನಿಮ್ಮ ಅಕ್ಕಾರು ಬರದಾರ್ರಿ.”

“ತಪ್ಪಾತ್ರಿ, ಬೀಗರ. ಆಕಿ ದೂರ ಇರ್ತಾಳ, ಇಲ್ಲಿ ರೀತಿ ರಿವಾಜು...”

“ಏಯ್, ತಡೀರಿ. ಕಾಶಿ ತೀರ್ಥ ಕಳಿಸಿದಂಗ ಆತ್ರಿ ನನಗ.” ಹಾಗೆಂದು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಹ್ವಾದ ವರ್ಷಾನs ಬಿಡಬೇಕಂತಿದ್ದೆ. ಈ ಮೊಣಕಾಲು ತಗೊಂಡು ನಾ ಎಲ್ಲಿ ಓಡ್ಲಿ? ಆದ್ರ ಪ್ರತಿ ಸಲ ನೀವು ಬಂದು ‘ನೀವs ನಡಸಿಕೊಡ್ರಿ’ ಅಂತೀರಿ. ಹೆಣ್ಣಿನ ಕಡಿಯವ್ರು ಬಾಯಿಬಿಟ್ಟು ಕೇಳಿದ್ದನ್ನ ಇಲ್ಲಾಂದ್ರ ಹೆಂಗ್ರಿ? ನಿಮಗ ಬ್ಯಾಸರ ಆದೀತಂತ ಬ್ಯಾಟು ಹಿಡೀತಿದ್ದೆ.”

“ನಿಮಗ ಬ್ಯಾಸರ ಆದೀತಂತ ನಾ ಕೇಳ್ತಿದ್ದೆರಿ!”

ಗುಮಾಸ್ತ ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದ. ಅವನ ಮುಖದಲ್ಲಿ ಮರ್ಯಾದೆ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಕೊಟ್ರಪ್ಪನವರು ನಾಯಕತನ ಬಿಟ್ಟರು. ಚಾಪೆ ಅವರದೇ ಇರುತ್ತದೆ. ನಮ್ಮ ಕಡೆಯ ಅಂಪೈರ್ ಆಗಿ ನಿಲ್ಲುತ್ತಾರಂತೆ. “ನಿಂದರಾಕ ನನ್ನ ಕಾಲು ಗಟ್ಟಿ ಅದಾವ, ಓಡಾಕ ಅಷ್ಟ ಇಲ್ಲ,” ಎಂದರು. ನೀನು ಅವರಿಗೆ ಏನು ಬರೆದಿದ್ದೆ ಎಂದು ಕೇಳಿದೆ. ಕಾಗದವನ್ನು ಮಡಚಿ ರುಮಾಲಿನೊಳಗೆ ಇಟ್ಟುಕೊಂಡರು.

ಅಮರಪ್ಪ

*

ಸೊಲ್ಲಾಪುರ
೪ ಮಾರ್ಚ್ ೧೯೩೭

ಅಮರಪ್ಪಾ,

ನಾನು ಅವರನ್ನು ಬೇರೆ ಥರದ ಮನುಷ್ಯರೆಂದು ತಿಳಿದಿದ್ದೆ. ನೋಡದೆ ಅಳೆದೆ. ಆ ತಪ್ಪು ನನ್ನದು. ನಿಮ್ಮಿಬ್ಬರದು ಅದಕ್ಕಿಂತ ದೊಡ್ಡದು, ಅದನ್ನು ಮರೆಯಬೇಡ. ಒಬ್ಬನಿಗೆ ಬೇಡ, ಇನ್ನೊಬ್ಬನಿಗೆ ಬೇಡ, ಆದರೂ ಇಬ್ಬರೂ ಕೈಹಿಡಿದುಕೊಂಡು ಬಾವಿಗೆ ಇಳಿಯುತ್ತಿದ್ದಿರಿ.

ಮೊನ್ನೆಯಿಂದ ಒಂದೇ ಮಾತು ತಲೆಯಲ್ಲಿ ಕೊರೆಯುತ್ತಿದೆ. ನೀವಿಬ್ಬರೂ ಒಬ್ಬರ ಬೇಸರಕ್ಕೆ ಒಬ್ಬರು ಅಂಜಿ ಇನ್ನೇನೇನು ಮಾಡುತ್ತಿದ್ದೀರಿ? ವೈಶಾಖವೇ ಆಗಬೇಕೆಂದು ಮೊದಲು ಹೇಳಿದವರು ಯಾರು? ನೆನಪಿಸಿಕೊಂಡು ನೋಡು.

ಏಳನೆಯ ತಾರೀಖು ನಾನು ಮನೆಯಲ್ಲಿ ಕೂತು ಪರೀಕ್ಷೆಯ ಕಾಗದ ತಿದ್ದುತ್ತಿರುತ್ತೇನೆ. ಕೆಂಪು ಶಾಯಿ ಯಾವ ಹುಡುಗಿಯ ಮೇಲೆ ಬೀಳುತ್ತದೋ, ಅದು ನಿಮ್ಮ ಆಟವನ್ನು ಅವಲಂಬಿಸಿದೆ.

ಬಸವಣ್ಣೆಮ್ಮ

*

ಕೊಪ್ಪಳ
೯ ಮಾರ್ಚ್ ೧೯೩೭

ಅಕ್ಕನಿಗೆ ಅಮರಪ್ಪನ ಶರಣು.

ಸ್ವಲ್ಪದರಲ್ಲಿ ಸೋತೆವು. ಈ ಸಲ ನಿಜವಾಗಿ. ಅವರದು ನೂರಾ ಹನ್ನೆರಡು, ನಮ್ಮದು ನೂರಾ ನಾಲ್ಕು. ಬೇಕಾದರೆ ಇಮಾಮಬೀಯನ್ನು ಕೇಳು.

ರವಿವಾರ ಅವರಿಗೆ ರಜೆ, ನಮಗಲ್ಲ. ಪೇಶಕಾರ ಸಾಹೇಬರು ಜ್ವರವೆಂದು ಅರ್ಜಿ ಕೊಟ್ಟು ಬಂದಿದ್ದರು. ಅವರ ಮೇಲಿನ ಸಾಹೇಬರು ಆಟ ನೋಡಲು ಬಂದಿದ್ದರು, ಜ್ವರದಲ್ಲೇ ಚೆನ್ನಾಗಿ ಆಡುತ್ತೀರಿ ಎಂದರಂತೆ. ಗಿಡ್ಡಪ್ಪ ಮೂರು ಕ್ಯಾಚು ಹಿಡಿದ. ಒಂದೊಂದನ್ನು ಹಿಡಿದಾಗಲೂ ಬೇಲಿಯ ಆಚೆಯಿಂದ ಭೀಮಕ್ಕ, “ಅದು ನನ್ನ ಕುಡಿಕಿದು!” ಎಂದು ಕೂಗಿದಳು. ರುಮಾಲುಗಳೆಲ್ಲ ಚಕ್ಕಡಿಯಲ್ಲಿ ರಾಶಿ ಬಿದ್ದಿದ್ದವು. ಮೈದಾನದಲ್ಲಿ ರುಮಾಲು ಸುತ್ತಿ ನಿಂತವರು ಕೊಟ್ರಪ್ಪನವರೊಬ್ಬರೇ.

ನಾನು ಮೂವತ್ತೊಂದು ಹೊಡೆದೆ. ಕೈ ಕುದುರಿತ್ತು, ಗೆಲ್ಲುತ್ತೇವೆ ಅನಿಸಿತ್ತು. ಆಗ ಚೆಂಡು ಕಾಲಿಗೆ ಬಡಿಯಿತು. ಹೊಸಪೇಟೆಯವರು ಕೂಗಿದರು. ನನ್ನ ಬೀಗರು ನನ್ನನ್ನು ನೋಡಿದರು. ನಾನು ಬೀಗರನ್ನು ನೋಡಿದೆ. ಅವರ ಬೆರಳು ಎದ್ದಿತು.

“ಔಟ್ ರೀ, ಬೀಗರ. ನಡೀರಿ.”

ಜನವೆಲ್ಲ ಹೋ ಎಂದಿತು. ನನಗೆ ಸಿಟ್ಟು ಬರಬೇಕಿತ್ತು. ಅದರ ಬದಲು ಎದೆಯ ಮೇಲಿನ ಮೂಟೆ ಇಳಿಸಿದಂತಾಯಿತು. ತಳಕಲ್ಲಿನಿಂದ ನನಗೆ ಬಂದ ಮೊದಲ ನೇರ ಮಾತು ಅದು.

ಸಂಜೆ ಎಲ್ಲರೂ ಹೋದ ಮೇಲೆ ನಾವಿಬ್ಬರೂ ಚಾಪೆ ಸುತ್ತುತ್ತಿದ್ದೆವು. ಆ ಕಡೆಯಿಂದ ಅವರು, ಈ ಕಡೆಯಿಂದ ನಾನು. ನಡುವೆ ಬಂದು ಮುಖಾಮುಖಿ ಆದಾಗ ಬಗ್ಗಿಕೊಂಡೇ ಕೇಳಿದೆ: “ಒಂದು ಮಾತು ಕೇಳ್ತೀನ್ರಿ. ವೈಶಾಖಕ್ಕs ಲಗ್ನ ಆಗಬೇಕಂತ ನಿಮಗೇನರ ಅವಸರ ಐತೇನ್ರಿ?”

ಅವರು ಚಾಪೆ ಬಿಟ್ಟು ಎದ್ದು ನಿಂತರು. “ನನಗ? ನಿಮಗ ಅವಸರ ಅಂತ ನಾ ಹೂಂ ಅಂದಿದ್ದು! ನಮ್ಮ ಗವಿಸಿದ್ದ ಪರೀಕ್ಷಾ ಮುಗಿಯೂತನಾ ಬ್ಯಾಡಪ್ಪಾ ಅಂತ ಅಳಾಕ ಹತ್ಯಾನ. ಹೆಣ್ಣಿನವ್ರಿಗೆ ಹೆಂಗ ಹೇಳೂದು ಅಂತ ಅವನ ಬಾಯಿ ಮುಚ್ಚಿಸೀನಿ.”

“ನಾವೂ ಬಾಯಿ ಮುಚ್ಚಿಸೀವ್ರಿ.”

“ಯಾರದು?”

“ನಮ್ಮ ಹುಡುಗೀದು.”

ಇಬ್ಬರೂ ಅರ್ಧ ಸುತ್ತಿದ ಚಾಪೆಯ ಮೇಲೆ ಕೂತುಬಿಟ್ಟೆವು. ಆಮೇಲೆ ಅವರು, “ನಿಮ್ಮ ಅಕ್ಕಾರು ಈ ಮಾತ ಬರದಿದ್ರು. ಹುಡುಗೀನ್ನ ಯಾರಾದ್ರೂ ಕೇಳೀರೇನು ಅಂತ. ನಾಯಕತನದ್ದು ಅದ್ರಾಗ ಎರಡs ಸಾಲು,” ಎಂದರು. ನೀನು ನನಗೆ ಹೇಳಲಿಲ್ಲ.

ಲಗ್ನ ಎರಡು ವರ್ಷ ಮುಂದಕ್ಕೆ ಹೋಯಿತು. ಅವನು ಅಲ್ಲಿ ಓದು ಮುಗಿಸಲಿ, ಇವಳು ನಿನ್ನ ಶಾಲೆಯಲ್ಲಿ ಮುಗಿಸಲಿ, ಆಗ ಇಬ್ಬರೂ ಹೂಂ ಎಂದರೆ ಮಾಡೋಣ ಎಂದಾಯಿತು. ಸೀರೆ ಹಿಂದಕ್ಕೆ ಹೋಗಲಿಲ್ಲ, ಬೀಗತನ ಮುರಿಯಲಿಲ್ಲ.

ಮನೆಗೆ ಬಂದು ಕಳಕಮ್ಮನನ್ನು ಕೇಳಿದೆ: ಸೊಲ್ಲಾಪುರಕ್ಕೆ ಹೋಗುತ್ತೀಯಾ ಎಂದು. “ನೀವು ಹೆಂಗ ಹೇಳ್ತೀರಿ ಹಂಗ್ರಿ, ಅಪ್ಪಾ,” ಎಂದಳು. ನಮ್ಮ ಮನೆಯ ರೋಗ ಅವಳಿಗೂ ಅಂಟಿದೆ. ಭೂಗೋಳದ ಪುಸ್ತಕವನ್ನು ಮಾತ್ರ ಆಗಲೇ ಟ್ರಂಕಿನಲ್ಲಿ ಇಟ್ಟಿದ್ದಳು. ಉಳಿದದ್ದು ನಿನ್ನ ಪಾಲಿಗೆ.

ಅಮರಪ್ಪ

*

ಸೊಲ್ಲಾಪುರ
೧೩ ಜೂನ್ ೧೯೩೭

ಅಮರಪ್ಪನಿಗೆ ಆಶೀರ್ವಾದ.

ಹುಡುಗಿ ತಲುಪಿದಳು. ಹೋಟಗಿಯಲ್ಲಿ ಗಾಡಿ ತಡವಾಯಿತಂತೆ, ಅದನ್ನೂ ನಾನು ಎರಡು ಸಲ ಕೇಳಿದ ಮೇಲೆ ಹೇಳಿದಳು. ಮನೆಗೆ ಬಂದ ಕೂಡಲೇ, ಮೊದಲು ಜಳಕ ಮಾಡುತ್ತೀಯೋ, ಊಟ ಮಾಡುತ್ತೀಯೋ ಎಂದೆ.

“ನೀವು ಹೆಂಗ ಅಂತೀರಿ ಹಂಗ್ರಿ, ಅತ್ತಿ.”

ನನಗೆ ರೇಗಿತು. ಪ್ರಯಾಣ ಮಾಡಿ ಬಂದ ಹುಡುಗಿ ಎಂದು ನೋಡಲಿಲ್ಲ. ಈ ಮನೆಯಲ್ಲಿ ಹಾಗೆ ಹೇಳಿದವರಿಗೆ ಜಳಕವೂ ಇಲ್ಲ, ಊಟವೂ ಇಲ್ಲ ಎಂದು ಪುಸ್ತಕ ಹಿಡಿದು ಕೂತೆ. ನಿನ್ನ ಮಾವ ಒಳಗಿನಿಂದ, “ಹುಡುಗಿನ್ನ ಉಪವಾಸ ಕೆಡವ್ತೀ ಏನ?” ಎಂದರು. ನಾನು ಪುಟ ತಿರುವಿದೆ. ಓದುತ್ತಿರಲಿಲ್ಲ. ಕಳಕಮ್ಮ ಟ್ರಂಕಿನ ಮೇಲೆ ಕೂತು ಸೆರಗಿನ ತುದಿ ಸುತ್ತುತ್ತಿದ್ದಳು. ಒಲೆಯ ಮೇಲೆ ಎಣಗಾಯಿ ಕುದಿಯುತ್ತಿತ್ತು, ವಾಸನೆ ಪಡಸಾಲೆಯ ತನಕ ಬಂದಿತ್ತು. ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

ಆಮೇಲೆ ಎದ್ದು ನಿಂತು, “ಊಟ,” ಎಂದಳು.

ಕೇಳಿಸಲಿಲ್ಲ ಎಂದೆ.

“ಮೊದಲು ಊಟ ಮಾಡ್ತೀನಿ! ಜಳಕ ಆಮ್ಯಾಲ!”

ಓಣಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ನಾನು ಎದ್ದು ತಾಟು ಹಾಕಿದೆ.

ಬಸವಣ್ಣೆಮ್ಮ